ಓಡುವ ನಾಯಿಗೆ ನಿಲ್ಲುವ ಪಾಠ

ಲರ್ಚರ್ ನಾಯಿಗೆ ಓಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅದು ತಾಯಿಯ ಹೊಟ್ಟೆಯಿಂದಲೇ ತಂದ ವಿದ್ಯೆ. ಎದುರಿಗೆ ಏನಾದರೂ ಚಂಗನೆ ನೆಗೆದರೆ ಸಾಕು, ಆರು ತಿಂಗಳ ಮರಿಯೂ ಕಿವಿ ಹಿಂದಕ್ಕೆ ಮಡಚಿ ಹಾರಿಬಿಡುತ್ತದೆ. ಕಲಿಸಬೇಕಾದದ್ದು ನಿಲ್ಲುವುದನ್ನು. ಕರೆದಾಗ ತಿರುಗುವುದು, ಬೇಡ ಎಂದಾಗ ಬಿಡುವುದು, ಮೊಲದ ಬಿಲದ ಬಾಯಲ್ಲಿ ಮೈ ನಡುಗುತ್ತಿದ್ದರೂ ಸದ್ದಿಲ್ಲದೆ ಕಾಯುವುದು. ಬ್ರಿಟನ್ನಿನ ಹಳ್ಳಿಗಾಡಿನಲ್ಲಿ ಈ ನಾಯಿಗಳನ್ನು ಕೆಲಸಕ್ಕೆಂದು ಸಾಕುವ ಅನುಭವಸ್ಥರು ಮರಿಯ ಮೊದಲ ವರ್ಷವನ್ನೆಲ್ಲ ಇದಕ್ಕೇ ಮೀಸಲಿಡುತ್ತಾರೆ. ಆ ಒಂದು ವರ್ಷದ ತಾಳ್ಮೆಯಲ್ಲಿ ನಾಯಿಯ ಬಗ್ಗೆ ಇರುವಷ್ಟೇ ಪಾಠ ಮನುಷ್ಯರ ಬಗ್ಗೆಯೂ ಇದೆ. ಇಂದಿನ ಚಿಂತನೆಗೆ ಅದನ್ನೇ ಆರಿಸಿಕೊಂಡಿದ್ದೇನೆ.

ಲರ್ಚರ್ ಒಂದು ತಳಿಯಲ್ಲ. 1873ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಕೆನೆಲ್ ಕ್ಲಬ್ಬಿನ ತಳಿಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಮೂಗಿಗಿಂತ ಕಣ್ಣನ್ನು ನಂಬಿ, ಕಂಡದ್ದನ್ನು ಓಡಿ ಹಿಡಿಯುವ ನಾಯಿ ಒಂದು ಕಡೆ. ಮಾತು ಕೇಳುವ, ದುಡಿಮೆಗೆ ಒಗ್ಗಿದ ನಾಯಿ ಇನ್ನೊಂದು ಕಡೆ. ಇವೆರಡರ ಬೆರಕೆಯೇ ಲರ್ಚರ್. ಮೊದಲ ಗುಂಪಿನಲ್ಲಿ ಗ್ರೇಹೌಂಡ್, ಅದರ ಚಿಕ್ಕ ರೂಪದಂತಿರುವ ವಿಪೆಟ್, ಸ್ಕಾಟ್ಲೆಂಡಿನ ಡೀರ್‌ಹೌಂಡ್, ಅರಬ್ ನಾಡುಗಳ ಸಲೂಕಿ ಬರುತ್ತವೆ. ಎರಡನೆಯದರಲ್ಲಿ ಕುರಿ ಕಾಯುವ ಕೊಲಿಗಳು, ನಾರ್ಥಂಬರ್ಲೆಂಡಿನ ಗಣಿ ಕಾರ್ಮಿಕರು ಮೆಚ್ಚಿ ಸಾಕುತ್ತಿದ್ದ ಬೆಡ್ಲಿಂಗ್ಟನ್ ಟೆರಿಯರ್ ಮುಖ್ಯವಾದವು. ತಂದೆ ತಾಯಿ ಎರಡೂ ಓಟದ ಜಾತಿಯವೇ ಆದರೆ ಆ ಮರಿಯನ್ನು ಲಾಂಗ್‌ಡಾಗ್ ಎಂದು ಬೇರೆಯಾಗಿ ಕರೆಯುತ್ತಾರೆ.

ಈ ಬೆರಕೆ ಯಾಕೆ ಬೇಕಾಯಿತು ಎಂಬುದರಲ್ಲೇ ಲರ್ಚರ್‌ನ ಸ್ವಭಾವ ಅಡಗಿದೆ. ಗ್ರೇಹೌಂಡ್ ಗಂಟೆಗೆ 60 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡಬಲ್ಲದು. ಆದರೆ ಆ ಓಟ ಕೆಲವೇ ಕ್ಷಣಗಳದ್ದು. ಅದರ ಚರ್ಮ ತೆಳು, ಮೈಮೇಲೆ ಕೊಬ್ಬಿಲ್ಲ, ಮುಳ್ಳುಪೊದೆ ಕಂಡರೆ ಹಿಂಜರಿಯುತ್ತದೆ. ಓಟಕ್ಕೆ ಬಿದ್ದಾಗ ಕರೆದರೆ ಕಿವಿಗೊಡುವುದು ಕಡಿಮೆ. ಕೊಲಿಯದು ಇದಕ್ಕೆ ತಿರುವುಮುರುವು. ತೋಳ ಬೇಟೆಯಾಡುವುದರಲ್ಲಿ ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕಚ್ಚುವುದು ಹೀಗೆ ಹಂತಗಳಿವೆ. ಕುರಿಗಾಹಿಗಳು ತಲೆಮಾರುಗಳ ಆಯ್ಕೆಯಿಂದ ಆ ಸರಣಿಯ ಕೊನೆಯ ಹಂತವನ್ನು ಅಡಗಿಸಿ, ಮೊದಲಿನವನ್ನು ಉಳಿಸಿಕೊಂಡರು. ಹಾಗಾಗಿ ಕೊಲಿ ಇಡೀ ದಿನ ಕುರಿಯನ್ನು ಅಟ್ಟುತ್ತದೆ, ಆದರೆ ಗಾಯ ಮಾಡುವುದಿಲ್ಲ. ಕುರುಬನ ಒಂದು ಶಿಳ್ಳೆಗೆ ಇದ್ದಲ್ಲೇ ಕೂರುತ್ತದೆ. ಗ್ರೇಹೌಂಡಿನ ಕಾಲಿಗೆ ಕೊಲಿಯ ಕಿವಿಯನ್ನು ಕೂಡಿಸಬೇಕು ಎಂಬುದು ಹಳ್ಳಿಗರ ಆಸೆಯಾಗಿತ್ತು. ಓಟವೂ ಬೇಕು, ಆ ಓಟಕ್ಕೆ ಲಗಾಮೂ ಬೇಕು.

ಈ ನಾಯಿಯ ಹಿಂದೆ ಬಡವರ ಚರಿತ್ರೆಯೊಂದಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಕಾಡು ಎಂದರೆ ಅರಸನ ಬೇಟೆಯ ಬಯಲು. ಅದರ ಅಂಚಿನಲ್ಲಿ ಬದುಕುವವರ ನಾಯಿಗಳ ಮುಂಗಾಲಿನ ಮೂರು ಉಗುರುಗಳನ್ನು ಕತ್ತರಿಸುವ ಪದ್ಧತಿಯಿತ್ತು. ಜಿಂಕೆಯನ್ನು ಅಟ್ಟಲಾಗದಂತೆ ನಾಯಿಯನ್ನು ಹೆಳವಾಗಿಸುವುದು ಅದರ ಉದ್ದೇಶ. 1217ರ ಅರಣ್ಯ ಸನ್ನದು ಆ ಕ್ರೌರ್ಯಕ್ಕೆ ಮಿತಿ ಹಾಕಿತೇ ಹೊರತು ಅದನ್ನು ನಿಲ್ಲಿಸಲಿಲ್ಲ. 1381ರಲ್ಲಿ ರೈತರು ದಂಗೆಯೆದ್ದರು. ಅದಾಗಿ ಹತ್ತು ವರ್ಷ ತುಂಬುವ ಮೊದಲೇ, ಎರಡನೆಯ ರಿಚರ್ಡನ ಕಾಲದಲ್ಲಿ, ವರ್ಷಕ್ಕೆ 40 ಷಿಲ್ಲಿಂಗ್ ಹುಟ್ಟುವಳಿಯ ಭೂಮಿ ಇಲ್ಲದವರು ಬೇಟೆನಾಯಿಯನ್ನಾಗಲಿ, ಬಿಲದಿಂದ ಮೊಲ ಹೊರಡಿಸುವ ಫೆರೆಟ್ ಎಂಬ ಸಣ್ಣ ಪ್ರಾಣಿಯನ್ನಾಗಲಿ, ಬಲೆಗಳನ್ನಾಗಲಿ ಇಟ್ಟುಕೊಳ್ಳಬಾರದೆಂಬ ಕಾನೂನು ಬಂತು. 1671ರ ಬೇಟೆ ಕಾಯಿದೆ ಇನ್ನೂ ಬಿಗಿಯಾಯಿತು. ವರ್ಷಕ್ಕೆ 100 ಪೌಂಡ್ ಆದಾಯದ ಸ್ವಂತ ಜಮೀನು ಇದ್ದವರಿಗೆ, ಇಲ್ಲವೇ ಅದಕ್ಕೆ ಸಮನಾದ ಅಂತಸ್ತಿನವರಿಗೆ ಮಾತ್ರ ಬೇಟೆಯ ಹಕ್ಕು. ಉಳಿದವರ ಮನೆಗಳನ್ನು ಜಮೀನ್ದಾರರ ಕಾವಲುಗಾರರು ಶೋಧಿಸಿ ನಾಯಿಗಳನ್ನು ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಬಹುದಾದ ನಾಯಿಗಳ ಸಾಲಿನಲ್ಲಿ ಲರ್ಚರ್‌ನ ಹೆಸರು ಅಲ್ಲಿ ಸ್ಪಷ್ಟವಾಗಿಯೇ ಇದೆ. ತಾನು ಬೆಳೆದ ಪೈರನ್ನು ಮೊಲ ತಿಂದರೂ ಆ ಮೊಲವನ್ನು ಹಿಡಿಯುವ ಹಕ್ಕು ಗೇಣಿದಾರನಿಗೆ ಭದ್ರವಾಗಿ ಸಿಕ್ಕಿದ್ದು 1880ರಲ್ಲಿ.

ಹಾಗಾಗಿ ಲರ್ಚರ್ ಶತಮಾನಗಳ ಕಾಲ ಕದ್ದು ಬೇಟೆಯಾಡುವವನ ಒಡನಾಡಿಯಾಗಿತ್ತು. ಹಗಲು ಒಲೆಯ ಮುಂದೆ ಮಲಗಿ, ರಾತ್ರಿ ಒಡೆಯನ ನೆರಳು ಹಿಡಿದು ನಡೆಯುವ, ಬೊಗಳದ ನಾಯಿ. ಮರದಚ್ಚಿನ ಕಲಾವಿದ ಥಾಮಸ್ ಬ್ಯೂಯಿಕ್ 1790ರಲ್ಲಿ ಹೊರತಂದ ಪ್ರಾಣಿಗಳ ಪುಸ್ತಕದಲ್ಲೂ ಲರ್ಚರ್ ಇದೆ. ಸದ್ದು ಮಾಡದೆ ದುಡಿಯುವ ಅದರ ಗುಣ ಆ ಕಾಲದ ಹಸಿವಿನಿಂದ, ಭಯದಿಂದ ಬಂದದ್ದು. ಬೊಗಳಿದ ನಾಯಿ ಒಡೆಯನನ್ನು ಸೆರೆಮನೆಗೆ ಕಳಿಸುತ್ತಿತ್ತು. ಅಂಥದ್ದರಿಂದ ಮರಿ ತೆಗೆಯಲು ಯಾರೂ ಮುಂದಾಗುತ್ತಿರಲಿಲ್ಲ. ವಂಶಾವಳಿಯ ಕಾಗದ ಇಲ್ಲದ ಈ ನಾಯಿಗೆ ಕೆಲಸವೊಂದೇ ಪ್ರಮಾಣಪತ್ರವಾಯಿತು.

ಇವತ್ತು ಅದರ ನ್ಯಾಯವಾದ ಕೆಲಸ ಬಿಲದ ಮೊಲಗಳನ್ನು ಹಿಡಿಯುವುದು. ಈ ಮೊಲ ಬ್ರಿಟನ್ನಿಗೆ ನಾರ್ಮನ್ನರ ಕಾಲದಲ್ಲಿ ಮಾಂಸಕ್ಕೂ ತುಪ್ಪಳಕ್ಕೂ ತಂದು ಸಾಕಿದ ಪ್ರಾಣಿ. ಆಮೇಲೆ ಬೇಲಿ ದಾಟಿ ನಾಡೆಲ್ಲ ಹಬ್ಬಿತು. ಗೋಧಿ, ಬಾರ್ಲಿಯ ಎಳೆಪೈರನ್ನು ಅಂಚಿನಿಂದ ಮೇಯುತ್ತ ಬರುತ್ತದೆ, ಎಳೆಯ ಗಿಡಗಳ ತೊಗಟೆ ಸುಲಿಯುತ್ತದೆ, ಬದುಗಳನ್ನು ತೋಡಿ ಟೊಳ್ಳು ಮಾಡುತ್ತದೆ. 1954ರ ಪೀಡೆ ಕಾಯಿದೆಯ ಪ್ರಕಾರ ತನ್ನ ಜಮೀನಿನಲ್ಲಿ ಮೊಲಗಳನ್ನು ಹತೋಟಿಯಲ್ಲಿಡುವುದು ಇಂಗ್ಲೆಂಡ್, ವೇಲ್ಸ್‌ಗಳ ಬಹುಪಾಲು ಕಡೆ ರೈತನ ಹೊಣೆ. ವಿಷವೂ ಇದೆ, ಬಂದೂಕೂ ಇದೆ. ಆದರೆ ಬಲೆ, ಫೆರೆಟ್, ನಾಯಿ ಮೂರೂ ಕೂಡಿದ ಹಳೆಯ ವಿಧಾನದಲ್ಲಿ ಬೇರೆ ಪ್ರಾಣಿಗೆ ಹಾನಿಯಿಲ್ಲ, ಮಣ್ಣಿಗೆ ವಿಷವಿಲ್ಲ, ಹಿಡಿದದ್ದು ಅಡುಗೆಮನೆಗೆ ಹೋಗುತ್ತದೆ. ಬೇಟೆ ಎಂದರೆ ಮನಸ್ಸು ಹಿಂದೆಗೆಯುವ ಓದುಗರು ನಮ್ಮಲ್ಲಿ ಬಹಳ ಮಂದಿ. ಆ ಹಿಂಜರಿಕೆಯನ್ನು ನಾನು ಗೌರವಿಸುತ್ತೇನೆ. ಜೀವ ತೆಗೆಯುವ ಕೆಲಸಕ್ಕೆ ಮಿತಿ ಬೇಕೆಂಬ ಅರಿವು ಅದರ ಬುಡದಲ್ಲಿದೆ; ಒಳ್ಳೆಯ ಲರ್ಚರ್ ಸಾಕಣೆಯ ಬುಡದಲ್ಲಿ ಇರುವುದೂ ಅದೇ ಅರಿವು.

ಕೆಲಸದ ಕ್ರಮ ಹೀಗಿದೆ. ಚಳಿಗಾಲದ ಬೆಳಿಗ್ಗೆ ಬೇಲಿಯುದ್ದಕ್ಕೂ ನಾಯಿ ಬಿಲದಿಂದ ಬಿಲಕ್ಕೆ ಮೂಸುತ್ತ ಹೋಗುತ್ತದೆ. ಖಾಲಿ ಬಿಲವಾದರೆ ಮುಂದೆ ಸಾಗುತ್ತದೆ. ಒಳಗೆ ಮೊಲವಿದ್ದರೆ ತಲೆ ಓರೆ ಮಾಡಿ, ಒಂದು ಮುಂಗಾಲೆತ್ತಿ, ಕಲ್ಲಾಗಿ ನಿಂತುಬಿಡುತ್ತದೆ. ಆ ನಿಲುವೇ ಒಡೆಯನಿಗೆ ಅದು ಕೊಡುವ ಸೂಚನೆ. ಆಗ ಬಿಲದ ಬಾಯಿಗಳಿಗೆಲ್ಲ ಚೀಲದಂಥ ಪುಟ್ಟ ಬಲೆಗಳನ್ನು ಹಾಸಿ, ಪಳಗಿಸಿದ ಫೆರೆಟ್ಟನ್ನು ಒಳಗೆ ಬಿಡುತ್ತಾರೆ. ಉದ್ದ ಮೈಯ ಆ ಸಣ್ಣ ಪ್ರಾಣಿಗೆ ಹೆದರಿ ಮೊಲ ಹೊರಕ್ಕೆ ಚಿಮ್ಮುತ್ತದೆ, ಬಲೆಯಲ್ಲಿ ಸಿಕ್ಕಿಬೀಳುತ್ತದೆ. ಬಲೆ ತಪ್ಪಿಸಿಕೊಂಡದ್ದನ್ನು ಮಾತ್ರ ನಾಯಿ ಓಡಿ ಹಿಡಿಯಬೇಕು. ಹಿಡಿದದ್ದನ್ನು ಜಜ್ಜದೆ, ಜೀವಂತವಾಗಿ ತಂದು ಕೈಗೊಪ್ಪಿಸಬೇಕು. ಮುಂದಿನದನ್ನು ಮನುಷ್ಯ ಒಂದೇ ಕ್ಷಣದಲ್ಲಿ, ನೋವಾಗದಂತೆ ಮುಗಿಸಬೇಕು. ಇಷ್ಟು ಹೊತ್ತೂ ನಾಯಿಯ ಕಣ್ಣ ಮುಂದೆಯೇ ಫೆರೆಟ್ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಅದನ್ನು ನಾಯಿ ಮುಟ್ಟಕೂಡದು. ಬಲೆಯಲ್ಲಿ ಒದ್ದಾಡುವ ಮೊಲದ ಮೇಲೂ ಹಾರಕೂಡದು. ನೋಡುವವರಿಗೆ ಕಾಣುವುದು ಒಂದೆರಡು ಓಟ ಮಾತ್ರ. ಉಳಿದ ಗಂಟೆಗಳೆಲ್ಲ ತಡೆದುಕೊಳ್ಳುವುದರಲ್ಲೇ ಕಳೆಯುತ್ತವೆ.

ರಾತ್ರಿಯ ಕೆಲಸಕ್ಕೂ ಇದೇ ಮಾತು. ಗಾಳಿ ಬೀಸುವ ಕತ್ತಲ ರಾತ್ರಿಯಲ್ಲಿ, ಹುಲ್ಲುಗಾವಲಿನ ನಡುವೆ ಮೇಯುವ ಮೊಲದ ಮೇಲೆ ದೀಪದ ಬೆಳಕು ಚೆಲ್ಲಿ ನಾಯಿಯನ್ನು ಬಿಡುತ್ತಾರೆ. ಬೆಳಕು ಆರಿದರೆ ಓಟ ಮುಗಿಯಿತು ಎಂದು ನಾಯಿಗೆ ಗೊತ್ತಿರಬೇಕು. ಗೊತ್ತಿಲ್ಲದ ನಾಯಿ ಕತ್ತಲಲ್ಲಿ ಮುಳ್ಳುತಂತಿಗೆ ಬಡಿದು ಎದೆ ಸೀಳಿಕೊಳ್ಳುತ್ತದೆ, ಇಲ್ಲವೇ ರಸ್ತೆಗೆ ನುಗ್ಗುತ್ತದೆ. ನಿಲ್ಲುವ ಪಾಠ ಬೇಟೆಯ ಜೀವಕ್ಕೆ ಸಂಬಂಧಪಟ್ಟಷ್ಟೇ ನಾಯಿಯ ಜೀವಕ್ಕೂ ಸಂಬಂಧಪಟ್ಟದ್ದು.

ಈ ಪಾಠ ಹೊಲದಲ್ಲಿ ಶುರುವಾಗುವುದಿಲ್ಲ, ಮನೆಯೊಳಗೆ ಶುರುವಾಗುತ್ತದೆ. ಎಂಟು ವಾರದ ಮರಿ ಮನೆಗೆ ಬಂದ ದಿನದಿಂದಲೇ ಅದರ ಹೆಸರು ಹಿಡಿದು ಕರೆಯುವುದು, ಬಂದಾಗ ಮೈದಡವುವುದು. ಊಟದ ತಟ್ಟೆ ಇಟ್ಟ ಮೇಲೂ ಅಪ್ಪಣೆಯಾಗುವವರೆಗೆ ಕಾಯಿಸುವುದು. ಮೊದಮೊದಲು ಒಂದು ಉಸಿರಿನಷ್ಟು ಹೊತ್ತು, ಆಮೇಲೆ ಸ್ವಲ್ಪ ಹೆಚ್ಚು. ಹಳೆಯ ಕಾಲುಚೀಲವನ್ನು ಉಂಡೆ ಕಟ್ಟಿ, ಎರಡೂ ಕಡೆ ಗೋಡೆಯಿರುವ ಕಿರಿದಾದ ಓಣಿಯಲ್ಲಿ ಎಸೆಯುವುದು. ಅದನ್ನು ಕಚ್ಚಿಕೊಂಡ ಮರಿಗೆ ಒಡೆಯನ ಕಡೆಗಲ್ಲದೆ ಬೇರೆ ದಾರಿಯಿಲ್ಲ. ಹೀಗೆ ತಂದೊಪ್ಪಿಸುವುದು ಆಟದಲ್ಲೇ ಅಭ್ಯಾಸವಾಗುತ್ತದೆ. ಮುಂದೆ ಕಾಲುಚೀಲದ ಮೇಲೆ ಮೊಲದ ಚರ್ಮ ಸುತ್ತುತ್ತಾರೆ. ಕೊಟ್ಟಿಗೆಯಲ್ಲಿ ಕೋಳಿಗಳ ನಡುವೆ, ಹುಲ್ಲುಗಾವಲಿನಲ್ಲಿ ಕುರಿಗಳ ನಡುವೆ, ಹಗ್ಗ ಕಟ್ಟಿ ಮತ್ತೆ ಮತ್ತೆ ನಡೆಸಿ, ಇವು ನಿನ್ನವಲ್ಲ ಎಂಬುದನ್ನು ಮನದಟ್ಟು ಮಾಡುತ್ತಾರೆ. ಫೆರೆಟ್ಟಿನ ಗೂಡಿನ ಪಕ್ಕದಲ್ಲೇ ಬೆಳೆಸಿ ಅದರ ವಾಸನೆಗೆ ಒಗ್ಗಿಸುತ್ತಾರೆ.

ಇದರಲ್ಲಿ ಎರಡು ನಿಯಮಗಳು ನನಗೆ ಬಹಳ ದೊಡ್ಡವಾಗಿ ಕಾಣುತ್ತವೆ. ಮೊದಲನೆಯದು, ಎಷ್ಟೇ ತಡವಾಗಿ ಬಂದರೂ, ಎಂಥ ಕೀಟಲೆ ಮಾಡಿ ಬಂದರೂ, ತಿರುಗಿ ಬಂದ ನಾಯಿಯನ್ನು ಗದರಬಾರದು. ಗದರಿದರೆ ಅದು ತಪ್ಪನ್ನು ಬಿಡುವುದಿಲ್ಲ, ತಿರುಗಿ ಬರುವುದನ್ನೇ ಬಿಡುತ್ತದೆ. ಮಕ್ಕಳನ್ನು ಬೆಳೆಸುವವರೂ ಈ ಮಾತನ್ನು ಎದೆಯಲ್ಲಿ ಇಟ್ಟುಕೊಳ್ಳಬೇಕು. ಎರಡನೆಯದು, ನಾಯಿಯ ಸೂಚನೆಯನ್ನು ನಂಬಬೇಕು. ಇಲ್ಲಿ ಏನೂ ಇಲ್ಲ ಎಂದು ನಾಯಿ ಹೇಳಿದ ಬಿಲಕ್ಕೂ ದುರಾಸೆಯಿಂದ ಫೆರೆಟ್ ಬಿಟ್ಟು, ಇದೆ ಎಂದು ನಿಂತ ಕಡೆಯಿಂದ ಅದನ್ನು ಎಳೆದುಕೊಂಡು ಹೋದರೆ, ಸ್ವಲ್ಪ ದಿನದಲ್ಲೇ ನಾಯಿ ನಿಜ ಹೇಳುವುದನ್ನು ನಿಲ್ಲಿಸುತ್ತದೆ. ತನ್ನ ಮಾತಿಗೆ ಬೆಲೆಯಿಲ್ಲ ಎಂದು ಕಂಡುಕೊಂಡ ಮೇಲೆ ಯಾವ ಜೀವವೂ ಮನಸ್ಸಿಟ್ಟು ದುಡಿಯುವುದಿಲ್ಲ. ವಿಧೇಯತೆ ಎಂದರೆ ಒಬ್ಬರು ಹೇಳುವುದು, ಇನ್ನೊಬ್ಬರು ಕೇಳುವುದು ಎಂದಷ್ಟೇ ಎಣಿಸಿದವರಿಗೆ ಈ ನಾಯಿ ದಕ್ಕುವುದಿಲ್ಲ. ಎರಡೂ ಕಡೆಯವರು ಕೇಳಿಸಿಕೊಳ್ಳಬೇಕು.

ಆತುರಕ್ಕೆ ತೆರುವ ಬೆಲೆಯೂ ಇಲ್ಲಿ ಕಣ್ಣಿಗೆ ಕಾಣುವಂಥದ್ದು. ಎಂಟು ತಿಂಗಳಿಗೇ ನಾಯಿ ಎತ್ತರಕ್ಕೆ ಬೆಳೆದು ನಿಲ್ಲುತ್ತದೆ. ನೋಡಿದವರು ಇನ್ನೇನು ಸಿದ್ಧವಾಯಿತು ಎನ್ನುತ್ತಾರೆ. ಆದರೆ ಮೂಳೆಗಳ ತುದಿ ಇನ್ನೂ ಗಟ್ಟಿಯಾಗಿರುವುದಿಲ್ಲ, ಮನಸ್ಸು ಇನ್ನೂ ಮರಿಯದೇ. ಆ ವಯಸ್ಸಿನಲ್ಲಿ ಗಟ್ಟಿ ನೆಲದ ಮೇಲೆ ಓಡಿಸಿದರೆ ಮಣಿಕಟ್ಟು ಉಳುಕುತ್ತದೆ, ಬೆರಳಿನ ಕೀಲು ತಪ್ಪುತ್ತದೆ. ಬೇಟೆ ಮೇಲಿಂದ ಮೇಲೆ ತಪ್ಪಿಸಿಕೊಂಡು ನಾಯಿಯ ಧೈರ್ಯವೂ ಮುರಿಯುತ್ತದೆ. ಒಂದು ವರ್ಷ ತುಂಬಿದ ಮೇಲೆ, ಸುಲಭವಾದ ಜಾಗದಲ್ಲಿ, ಸುಲಭವಾಗಿ ಸಿಗುವಂಥ ಒಂದೆರಡು ಮೊಲಗಳಿಂದ ಮೊದಲು ಮಾಡಬೇಕು. ಕೆಲವು ತಿಂಗಳು ಕಾಯಲಾರದವನು ಹತ್ತು ವರ್ಷ ದುಡಿಯಬೇಕಾದ ನಾಯಿಯನ್ನು ಕಳೆದುಕೊಳ್ಳುತ್ತಾನೆ.

ತಿಳಿವಳಿಕೆಯೂ ಪ್ರೀತಿಯ ಒಂದು ಭಾಗ. ಗ್ರೇಹೌಂಡ್ ರಕ್ತವಿರುವ ನಾಯಿಗಳಲ್ಲಿ ಕೆಲವು ಅರಿವಳಿಕೆ ಔಷಧಗಳು ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತವೆ, ಥಯೊಪೆಂಟಲ್ ಅಂಥದ್ದು. ಕೊಲಿ ರಕ್ತವಿದ್ದರೆ ಇನ್ನೊಂದು ಎಚ್ಚರ ಬೇಕು. ಕೆಲವು ಕೊಲಿ ತಳಿಗಳಲ್ಲಿ ಎಂಡಿಆರ್1 ಎಂಬ ಜೀನಿನ ದೋಷ ಸಾಮಾನ್ಯ. ಅದನ್ನು ಪಡೆದ ನಾಯಿಗೆ ಐವರ್‌ಮೆಕ್ಟಿನ್ ಹೆಚ್ಚಿನ ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಅದು ಮಿದುಳಿಗೆ ಏರಿ ಜೀವವನ್ನೇ ತೆಗೆಯಬಹುದು. ಕುರಿ, ಕುದುರೆಗಳಿಗೆ ಜಂತುಹುಳುವಿನ ಔಷಧವಾಗಿ ಅದು ಹಳ್ಳಿಯ ಕೊಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ನಾಯಿಗಳು ಅವುಗಳ ಲದ್ದಿ, ಹಿಕ್ಕೆ ನೆಕ್ಕುವುದೂ ಉಂಟು. ಎರಡು ಜಾತಿಯ ಗುಣ ಕೂಡಿಸುತ್ತೇನೆ ಎಂದು ಹೊರಟವನು ಎರಡು ಜಾತಿಯ ಅಪಾಯಗಳನ್ನೂ ತಿಳಿದಿರಬೇಕು.

ಇನ್ನು ಮರಿ ತೆಗೆಯುವ ಮಾತು. ಗ್ರೇಹೌಂಡಿಗೆ ಕೊಲಿಯನ್ನು ಕೂಡಿಸಿದರೆ ಮೊದಲ ಪೀಳಿಗೆಯ ಮರಿಗಳು ಹೆಚ್ಚುಕಡಿಮೆ ಒಂದೇ ತೆರನಾಗಿ, ಗಟ್ಟಿಮುಟ್ಟಾಗಿ ಬರುತ್ತವೆ. ಆ ಮರಿಗೆ ಮತ್ತೆ ಗ್ರೇಹೌಂಡನ್ನು ಕೂಡಿಸಿದರೆ ಮುಕ್ಕಾಲು ಗ್ರೇಹೌಂಡ್. ವೇಗ ಹೆಚ್ಚು, ಮಾತು ಕೇಳುವ ಗುಣ ಸ್ವಲ್ಪ ಕಡಿಮೆ. ಆದರೆ ಬೆರಕೆಗೆ ಬೆರಕೆಯನ್ನು ಕೂಡಿಸಿದಾಗ ಒಂದೇ ಸೂಲಿನಲ್ಲಿ ಒಂದು ಮರಿ ಗ್ರೇಹೌಂಡನ್ನು, ಇನ್ನೊಂದು ಕೊಲಿಯನ್ನು ಹೋಲಬಹುದು. ಕೆಲಸಕ್ಕೆ ಯಾವುದೂ ಹೊಂದದೆಯೂ ಹೋಗಬಹುದು. ಇದನ್ನು ಬಲ್ಲ ಹಳೆಯ ಸಾಕಣೆದಾರರು ತಂದೆ ತಾಯಿ ಎರಡನ್ನೂ ಹೊಲದಲ್ಲಿ ಕೆಲವು ವರ್ಷ ದುಡಿಸಿ, ಸ್ವಭಾವ, ಕಾಲು, ಬಾಯಿಯ ಮೃದುತ್ವ, ಉಸಿರು ಎಲ್ಲವನ್ನೂ ನೋಡಿದ ಮೇಲೆಯೇ, ತಮಗೆ ಮುಂದಿನ ನಾಯಿ ಬೇಕಾದಾಗ ಒಂದು ಸೂಲು ತೆಗೆಯುತ್ತಾರೆ. ನೋಡಲು ಚಂದ ಎಂದೋ, ವೇಗದಲ್ಲಿ ಗೆದ್ದಿತು ಎಂದೋ ಮರಿ ತೆಗೆಯುವುದಿಲ್ಲ.

ಗರ್ಭದ ಅವಧಿ ಸುಮಾರು 63 ದಿನ. ಆಮೇಲೆ ಮರಿಗಳು ಮನೆ ಬಿಡುವವರೆಗೆ ಕನಿಷ್ಠ ಎಂಟು ವಾರ. ಆ ಹೊತ್ತಿಗೆ ಆರೋ ಎಂಟೋ ಮರಿಗಳಿಗೆ ಆರೋ ಎಂಟೋ ಒಳ್ಳೆಯ ಮನೆಗಳು ಸಿದ್ಧವಿರಬೇಕು. ಸಿದ್ಧವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್, ಐರ್ಲೆಂಡ್‌ಗಳ ನಾಯಿ ಆಶ್ರಯಧಾಮಗಳು ತೋರಿಸುತ್ತವೆ. ಅಲ್ಲಿನ ಕಂಬಿಗಳ ಹಿಂದೆ ಲರ್ಚರ್‌ಗಳು ಸದಾ ಕಾಣುತ್ತವೆ. ಹಂಗಾಮು ಮುಗಿದ ಮೇಲೆ ಬಿಟ್ಟುಹೋದವು, ಕಾಲು ಮುರಿದದ್ದಕ್ಕೆ ಬಿಟ್ಟುಹೋದವು, ಸಾಕಷ್ಟು ಓಡಲಿಲ್ಲವೆಂದು ಬಿಟ್ಟುಹೋದವು. ಕಾನೂನು ಕೆಲಮಟ್ಟಿಗೆ ಬಿಗಿಯಾಗಿದೆ. ಇಂಗ್ಲೆಂಡಿನಲ್ಲಿ ವರ್ಷಕ್ಕೆ ಮೂರು ಅಥವಾ ಹೆಚ್ಚು ಸೂಲು ತೆಗೆದು ಮರಿ ಮಾರುವವರಿಗೆ ಪರವಾನಗಿ ಬೇಕು. 2016ರಿಂದ ನಾಯಿಗೆ ಮೈಕ್ರೋಚಿಪ್ ಕಡ್ಡಾಯ. 2020ರ ಏಪ್ರಿಲಿನಿಂದ ಆರು ತಿಂಗಳೊಳಗಿನ ಮರಿಯನ್ನು ಅಂಗಡಿ, ದಲ್ಲಾಳಿಗಳು ಮಾರುವಂತಿಲ್ಲ, ಸಾಕಿದವರಿಂದಲೇ ಕೊಳ್ಳಬೇಕು. ಇವೆಲ್ಲ ಒಳ್ಳೆಯ ಹೆಜ್ಜೆಗಳು. ಆದರೆ ಸಾಕು ಎಂದು ಹೇಳಬಲ್ಲ ಮನಸ್ಸನ್ನು ಪರವಾನಗಿ ಕೊಡಲಾರದು. ನಾಯಿಗೆ ನಿಲ್ಲುವುದನ್ನು ಕಲಿಸುವ ಒಡೆಯ ಮರಿ ತೆಗೆಯುವುದರಲ್ಲೂ ನಿಲ್ಲುವುದನ್ನು ಕಲಿತಿರಬೇಕು.

ಹೊಲದಲ್ಲೂ ಹಾಗೆಯೇ. ಬಯಲಿನಲ್ಲಿ ಒಂಟಿಯಾಗಿ ಬದುಕುವ, ಉದ್ದ ಕಿವಿಯ ದೊಡ್ಡ ಮೊಲ ಬೇರೆ. ಅದರ ಹಿಂದೆ ನಾಯಿಗಳನ್ನು ಬಿಟ್ಟು ಪಂದ್ಯ ನಡೆಸುವುದು ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ದೊಡ್ಡವರ ಕ್ರೀಡೆ. ಲಿವರ್‌ಪೂಲ್ ಸಮೀಪದ ಆಲ್ಟ್‌ಕಾರ್ ಬಯಲಿನಲ್ಲಿ 1836ರಲ್ಲಿ ಶುರುವಾದ ವಾಟರ್‌ಲೂ ಕಪ್ ಅದರ ಶಿಖರ. ಆ ಪಂದ್ಯ ಕೊನೆಯ ಬಾರಿ ನಡೆದದ್ದು 2005ರ ಫೆಬ್ರುವರಿಯಲ್ಲಿ. ಅದೇ ತಿಂಗಳ 18ರಂದು 2004ರ ಬೇಟೆ ಕಾಯಿದೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಜಾರಿಗೆ ಬಂದು, ನಾಯಿಗಳಿಂದ ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸಿತು. ಜಮೀನಿನ ಒಡೆಯನ ಒಪ್ಪಿಗೆಯಿದ್ದರೆ ಬಿಲದ ಮೊಲ, ಇಲಿ, ಹೆಗ್ಗಣಗಳ ಬೇಟೆಗೆ ವಿನಾಯಿತಿ ಉಳಿಯಿತು. ಸ್ಕಾಟ್ಲೆಂಡಿಗೆ ಪ್ರತ್ಯೇಕ ಕಾಯಿದೆಯಿದೆ.

ನಿಷೇಧದ ನಂತರವೂ ಲಿಂಕನ್‌ಶೈರ್, ಕೇಂಬ್ರಿಜ್‌ಶೈರ್‌ಗಳ ವಿಶಾಲ ಬಯಲುಗಳಲ್ಲಿ ಗುಂಪುಗಳು ಜೀಪು ನುಗ್ಗಿಸಿ, ಬಾಜಿ ಕಟ್ಟಿ, ಬಯಲ ಮೊಲದ ಹಿಂದೆ ನಾಯಿ ಬಿಡುತ್ತಲೇ ಬಂದಿವೆ. ಬಿತ್ತಿದ ಹೊಲ ಹಾಳಾಗುತ್ತದೆ. ಕೇಳಲು ಹೋದ ರೈತನಿಗೆ ಬೆದರಿಕೆ, ಹೊಡೆತ. 2022ರ ಆಗಸ್ಟಿನಿಂದ ಇದಕ್ಕೆ ಶಿಕ್ಷೆ ಹೆಚ್ಚಾಗಿದೆ. ಮಿತಿಯಿಲ್ಲದ ದಂಡ, ಆರು ತಿಂಗಳವರೆಗೆ ಸೆರೆ, ನಾಯಿ ಸಾಕುವ ಹಕ್ಕನ್ನೇ ಕಸಿಯುವ ಅಧಿಕಾರ ನ್ಯಾಯಾಲಯಕ್ಕೆ ಸಿಕ್ಕಿದೆ. ಇದು ಸರಿಯಾದದ್ದೇ ಎಂದು ನಾನು ನಂಬುತ್ತೇನೆ. ಹಿಂದೆ ಹಸಿದವನು ಒಂದು ಮೊಲಕ್ಕಾಗಿ ಕಾನೂನು ಮುರಿಯುತ್ತಿದ್ದ. ಅವನ ಬಗ್ಗೆ ಮರುಕ ಹುಟ್ಟುತ್ತದೆ. ಇಂದು ಬಾಜಿಯ ಹಣಕ್ಕಾಗಿ ಇನ್ನೊಬ್ಬನ ಪೈರು ತುಳಿಯುವವನಿಗೆ ಆ ಪರಂಪರೆಯ ನೆರಳು ಸಲ್ಲದು. ಅಂಥವನ ಕೈಯಲ್ಲಿ ಇರುವುದೂ ಅದೇ ನಾಯಿ. ತಪ್ಪು ನಾಯಿಯದಲ್ಲ, ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಹೇಳಬೇಕಾದವನೇ ಗಡಿ ದಾಟಿದ್ದಾನೆ.

ಹಕ್ಕಿರುವ ಕಡೆಯೂ ಕೈ ತಡೆಯಬೇಕಾದ ಕಾಲ ಬಂದಿದೆ. 1953ರಲ್ಲಿ ಕೆಂಟ್ ಸೀಮೆಯಲ್ಲಿ ಕಾಣಿಸಿಕೊಂಡ ಮಿಕ್ಸೊಮಟೋಸಿಸ್ ರೋಗ ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಬಿಲದ ಮೊಲಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚನ್ನು ಅಳಿಸಿಹಾಕಿತು. ಅವು ಚೇತರಿಸಿಕೊಂಡವು, ಆಮೇಲೆ ರಕ್ತಸ್ರಾವದ ಇನ್ನೊಂದು ವೈರಸ್ ಬಂತು. ಈಗ ಅನೇಕ ಕಡೆ ಅವುಗಳ ಸಂಖ್ಯೆ ಮತ್ತೆ ಕುಸಿದಿದೆ. ನಾರ್‌ಫೋಕ್, ಸಫೋಕ್‌ಗಳ ನಡುವಿನ ಬ್ರೆಕ್ಸ್ ಎಂಬ ಮರಳು ಬಯಲಿನಲ್ಲಿ ಮೊಲಗಳು ಹುಲ್ಲನ್ನು ನುಣ್ಣಗೆ ಮೇಯ್ದು, ನೆಲ ಕೆರೆದು ಇಡುವುದರಿಂದಲೇ ಕೆಲವು ಅಪರೂಪದ ಗಿಡ, ಕೀಟಗಳು ಬದುಕುತ್ತವೆ. ಅಲ್ಲಿ ಸಂರಕ್ಷಕರು ಮೊಲಗಳನ್ನು ಉಳಿಸಿ ಬೆಳೆಸಲು ಹೆಣಗುತ್ತಿದ್ದಾರೆ. ಮೊಲದ ಮೂಲ ನೆಲೆಯಾದ ಸ್ಪೇನ್, ಪೋರ್ಚುಗಲ್‌ಗಳ ಕಡೆ 2019ರಿಂದ ಅದು ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ. ಒಂದು ಹೊಲಕ್ಕೆ ಪೀಡೆಯಾದದ್ದು ಪಕ್ಕದ ಬಯಲಿಗೆ ಆಸರೆಯಾಗಿರಬಹುದು. ನೆಲವನ್ನು ನೋಡಿ, ಈ ವರ್ಷ ಇಲ್ಲಿ ಬೇಡ ಎಂದು ನಾಯಿಯನ್ನು ಹಗ್ಗದಲ್ಲೇ ಇಟ್ಟುಕೊಂಡು ತಿರುಗುವವನೇ ಹಳ್ಳಿಗಾಡನ್ನು ಬಲ್ಲವನು.

ಕನ್ನಡಿಗರಿಗೆ ಇದು ಪರದೇಶದ ಮಾತೆಂದು ಅನ್ನಿಸಬೇಕಿಲ್ಲ. ಕಂಡು ಓಡುವ ನಾಯಿಗಳ ದೊಡ್ಡ ಬಳಗದಲ್ಲಿ ನಮ್ಮ ಮುಧೋಳ ನಾಯಿಯೂ ಇದೆ. ಬಾಗಲಕೋಟೆ ಸೀಮೆಯ ಹಳ್ಳಿಗಳಲ್ಲಿ ಉಳಿದು ಬಂದ ಈ ತಳಿಗೆ ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಆಸರೆಯಾಗಿ ನಿಂತರು. 2005ರಲ್ಲಿ ಅದರ ಚಿತ್ರ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ತಳಿಶುದ್ಧಿಯ ಕೆಲಸ ಮಾಡುತ್ತಿದೆ. ಕೆಲಸದ ನಾಯಿಯನ್ನು ಗೌರವಿಸುವುದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನಶಿಲ್ಪ ಹಂದಿಯೊಂದಿಗೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನು ನೆನೆಯುತ್ತದೆ. ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ ತನ್ನ ಒಡೆಯನಿಂದ ಬೇಡಿ ಪಡೆದದ್ದು ಆ ನಾಯಿಯನ್ನೇ.

ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಮೊಲದ ಬೇಟೆ ಅಪರಾಧ. ಅದು ಹಾಗೆಯೇ ಇರಬೇಕು. ಆದರೆ ಕಾಯಿದೆ ಬೇಟೆಯನ್ನು ನಿಲ್ಲಿಸಿತೇ ಹೊರತು ನಾಯಿಯ ರಕ್ತದಲ್ಲಿರುವ ಓಟವನ್ನು ನಿಲ್ಲಿಸಲಿಲ್ಲ. ಈಗ ಮುಧೋಳದ ಮರಿಗಳು ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಬರುತ್ತಿವೆ. ದೇಸಿ ತಳಿ ಎಂಬ ಅಭಿಮಾನ ಒಳ್ಳೆಯದು. ಅಭಿಮಾನದ ಜೊತೆಗೆ ದಿನಕ್ಕೊಮ್ಮೆಯಾದರೂ ಅದಕ್ಕೆ ಬೇಲಿಯಿರುವ ಬಯಲಿನಲ್ಲಿ ಓಡುವ ಅವಕಾಶ ಬೇಕು, ಕರೆದರೆ ತಿರುಗುವ ಅಭ್ಯಾಸವೂ ಬೇಕು. ಇವೆರಡನ್ನೂ ಕೊಡಲಾಗದವರು ಆ ಮರಿಯನ್ನು ತರದಿರುವುದೇ ಅದಕ್ಕೆ ತೋರುವ ಪ್ರೀತಿ. ಇಂಗ್ಲೆಂಡಿನಲ್ಲಿ ನೆಲೆಸಿ, ಆಶ್ರಯಧಾಮದಿಂದ ಲರ್ಚರ್ ಒಂದನ್ನು ಮನೆಗೆ ತರಬೇಕೆಂದಿರುವ ಕನ್ನಡಿಗರಿಗೂ ಇದೇ ಮಾತು. ಮನೆಯೊಳಗೆ ಅದರಷ್ಟು ಶಾಂತವಾದ ನಾಯಿ ಅಪರೂಪ. ಓಡಿದ ಮೇಲೆ ದಿನವಿಡೀ ಮಲಗಬಲ್ಲದು. ಆದರೆ ಹಳ್ಳಿಯ ಕಾಲುದಾರಿಯಲ್ಲಿ ಕುರಿಗಳು ಕಂಡಾಗ ಹಗ್ಗ ಕೈಯಲ್ಲಿರಲಿ. ಕುರಿಯನ್ನು ಅಟ್ಟುವ ನಾಯಿಯ ಒಡೆಯ 1953ರಿಂದಲೂ ಅಲ್ಲಿ ಅಪರಾಧಿ; ಬೇರೆ ದಾರಿ ಕಾಣದಾಗ ರೈತ ಅಂಥ ನಾಯಿಗೆ ಗುಂಡಿಕ್ಕಿದರೆ ಅವನನ್ನು ಕಾಪಾಡುವ ಕಾನೂನೂ ಇದೆ.

ನಮ್ಮ ಕಾಲ ವೇಗವನ್ನು ಪೂಜಿಸುತ್ತದೆ. ಮಗು ಬೇಗ ಓದಬೇಕು, ಉದ್ಯಮ ಬೇಗ ಬೆಳೆಯಬೇಕು, ಸುದ್ದಿ ಬೇಗ ಹಬ್ಬಬೇಕು. ವೇಗಕ್ಕೆ ಬೇಕಾದ ಸಾಮರ್ಥ್ಯ ಎಷ್ಟೋ ಜನರಲ್ಲಿ ಹುಟ್ಟಿನಿಂದಲೇ ಇರುತ್ತದೆ. ತಡೆದುಕೊಳ್ಳುವ ಸಾಮರ್ಥ್ಯವನ್ನು ಮಾತ್ರ ಯಾರಾದರೂ ಪಕ್ಕದಲ್ಲಿ ಕೂತು, ದಿನವೂ ಸ್ವಲ್ಪ ಸ್ವಲ್ಪವಾಗಿ ಕಲಿಸಬೇಕು. ಹೆದರಿಸಿ ಕಲಿಸಿದರೆ ಅದು ಒಡೆಯನ ಕಣ್ಣು ತಪ್ಪುವವರೆಗಷ್ಟೇ ಉಳಿಯುತ್ತದೆ. ನಂಬಿಕೆಯಿಂದ ಕಲಿಸಿದರೆ ಒಡೆಯ ಕಾಣದ ದೂರದಲ್ಲೂ ಉಳಿಯುತ್ತದೆ. ಕಲಿಸುವವನು ತನ್ನ ಆಸೆಗೆ, ತನ್ನ ಆತುರಕ್ಕೆ, ತನ್ನ ಗೆಲುವಿಗೆ ಮೊದಲು ಗೆರೆ ಎಳೆದುಕೊಂಡಿರಬೇಕು. ತನಗಿಲ್ಲದ ಸಂಯಮವನ್ನು ಯಾರೂ ಇನ್ನೊಂದು ಜೀವಕ್ಕೆ ದಾಟಿಸಲಾರರು. ಲರ್ಚರ್ ಸಾಕಲು ಹೊರಟವರು ಆ ನಾಯಿ ಎಷ್ಟು ವೇಗವಾಗಿ ಓಡುತ್ತದೆ ಎಂದು ಕೇಳುವ ಮೊದಲು, ನನ್ನ ಒಂದು ಕರೆಗೆ ಅದು ತಿರುಗಿ ಬರುವಂತೆ ನಾನು ಬದುಕಬಲ್ಲೆನೇ ಎಂದು ತಮ್ಮನ್ನೇ ಕೇಳಿಕೊಳ್ಳಲಿ. ಮಕ್ಕಳನ್ನೋ ಶಿಷ್ಯರನ್ನೋ ಬೆಳೆಸುವ ನಾವೂ ಇವತ್ತು ಕೇಳಿಕೊಳ್ಳಬೇಕಾದ ಪ್ರಶ್ನೆ ಅದೇ.